ಮನೆ ಅಗ್ಗ, ದಾರಿ ದುಬಾರಿ

(ಮೈಸೂರಿನ ಗೆಳೆಯರ ಬಳಗವೊಂದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆದವರು ಹೇಳಿದ್ದು ಇಷ್ಟೇ: "ಅಮೆರಿಕದ ಹಳ್ಳಿ ಕಡೆ ಬದುಕು ಹೇಗಿರುತ್ತೆ ಅಂತ ಹೇಳಿ ಮೇಡಂ, ಸುಮ್ನೆ ಹಗುರವಾಗಿರಲಿ." ಪ್ರಯತ್ನ ಮಾಡುತ್ತೇನೆ. ಆದರೆ ನಾನು ಅಕೌಂಟೆಂಟ್. ಲೆಕ್ಕ ಬಿಟ್ಟು ಮಾತಾಡೋಕೆ ನನಗೆ ಬರುವುದಿಲ್ಲ.

ವೆಸ್ಟ್ ವರ್ಜೀನಿಯಾ ರಾಜ್ಯದ ದಕ್ಷಿಣ ತುದಿಯಲ್ಲಿ ಮ್ಯಾಕ್‌ಡೊವೆಲ್ ಎಂಬ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಹಿಂದಿನ ಸಾಲಿನವರು ನಗುತ್ತಿದ್ದೀರಿ, ಗೊತ್ತಾಯಿತು. ಅದಲ್ಲ ಸ್ವಾಮಿ. ಇದು ವರ್ಜೀನಿಯಾದ ಹಳೆಯ ಗವರ್ನರ್ ಜೇಮ್ಸ್ ಮ್ಯಾಕ್‌ಡೊವೆಲ್ ಅವರ ಹೆಸರು. ಈ ಕೌಂಟಿಯಲ್ಲಿ ಒಂದು ಸಾಧಾರಣ ಮನೆಯ ಬೆಲೆ 40 ಸಾವಿರ ಡಾಲರಿನ ಆಸುಪಾಸು. ನಮ್ಮ ರೂಪಾಯಿಯಲ್ಲಿ ಮೂವತ್ತೈದು ಲಕ್ಷ ಅಂದುಕೊಳ್ಳಿ. ಅಮೆರಿಕ ಪೂರ್ತಿ ತೆಗೆದುಕೊಂಡರೆ ಅದು 3 ಲಕ್ಷ ಡಾಲರ್ ದಾಟುತ್ತದೆ. ಇಲ್ಲಿ ಕುವೆಂಪುನಗರದಲ್ಲಿ ಮೂವತ್ತೈದು ಲಕ್ಷಕ್ಕೆ ಏನು ಸಿಗುತ್ತೆ ಅಂತ ನೀವೇ ಹೇಳಿ. ಅಲ್ಲಿ ಎರಡು ರೂಮು, ಮುಂದೆ ಮರದ ಜಗುಲಿ, ಹಿಂದೆ ಬೆಟ್ಟ, ಪಕ್ಕದಲ್ಲಿ ಹಳ್ಳ. ಇಂಥ ಮನೆಯ ಫೋಟೋ ಹಾಕಿ "ಅಮೆರಿಕದಲ್ಲಿ ಕಾರಿನ ಬೆಲೆಗೆ ಮನೆ" ಅಂತ ವಿಡಿಯೋ ಮಾಡುವವರನ್ನು ನಾನೂ ನೋಡಿದ್ದೇನೆ. ಅವರು ಹೇಳುವುದು ಸುಳ್ಳಲ್ಲ. ಮಿಕ್ಕ ಖರ್ಚು ಹೇಳುವುದಿಲ್ಲ, ಅಷ್ಟೇ.

ನಾನು ಆ ಕಡೆ ಹೋಗಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ಇಲ್ಲಿ ಕೂತಿರುವ ಕೆಲವರ ಮಕ್ಕಳಿಗೂ ಇದು ಬೇಕಾಗುವ ವಿಷಯ. ನಮ್ಮ ಮನೆಯವರು ಡಾಕ್ಟರ್. ಅಮೆರಿಕದಲ್ಲಿ ಜೆ-1 ವೀಸಾ ಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯ ತರಬೇತಿ, ಮುಗಿಸಿದ ಡಾಕ್ಟರು ಎರಡು ವರ್ಷ ತಾಯ್ನಾಡಿಗೆ ವಾಪಸ್ ಹೋಗಬೇಕು. ಅದು ನಿಯಮ. ಆದರೆ ಡಾಕ್ಟರ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡುತ್ತೇನೆ ಅಂದರೆ ವಿನಾಯಿತಿ ಸಿಗುತ್ತದೆ. ಸೆನೆಟರ್ ಕೆಂಟ್ ಕಾನ್ರಾಡ್ ತಂದ ಯೋಜನೆ ಇದು, 1994ರಿಂದ ಇದೆ. ಈಗ ಪ್ರತಿ ರಾಜ್ಯಕ್ಕೆ ವರ್ಷಕ್ಕೆ 30 ಡಾಕ್ಟರು. ಹೀಗೆ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಓದಿದವರು ಯಾವತ್ತೂ ಹೆಸರು ಕೇಳದ ಬೆಟ್ಟದ ಊರುಗಳಿಗೆ ಹೋಗಿ ಕೂರುತ್ತಾರೆ. ನಾವೂ ಕೂತೆವು. ಮನೆ ಮಾಡಿದ್ದು ಪಕ್ಕದ ಮರ್ಸರ್ ಕೌಂಟಿಯ ಬ್ಲೂಫೀಲ್ಡ್‌ನಲ್ಲಿ. ಅವರ ಕೆಲಸ ಮ್ಯಾಕ್‌ಡೊವೆಲ್‌ನಲ್ಲಿ. ಡಾಕ್ಟರಾದ ನಾವೇ ಕೆಲಸದ ಕೌಂಟಿಯಲ್ಲಿ ಮನೆ ಮಾಡಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನನ್ನದು ಎಚ್-4, ಅಂದರೆ ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗುವ ವೀಸಾ. ಸಂಬಳದ ಕೆಲಸ ಮಾಡುವ ಹಾಗಿರಲಿಲ್ಲ. ಮನೆಯಲ್ಲಿ ಕೂತು ಎಷ್ಟು ದಿನ ಕಿಟಕಿ ನೋಡೋದು? ತೆರಿಗೆ ಕಟ್ಟುವ ಕಾಲದಲ್ಲಿ, ಅಂದರೆ ಜನವರಿಯಿಂದ ಏಪ್ರಿಲ್‌ವರೆಗೆ, ಜನರಿಗೆ ಪುಕ್ಕಟೆ ಫಾರಂ ತುಂಬಿಕೊಡುವ ಸ್ವಯಂಸೇವಕಿಯಾದೆ. ಮೂರು ವರ್ಷ ಆ ಬೆಟ್ಟದ ಜನರ ಆದಾಯ, ಖರ್ಚು, ಸಾಲ, ಔಷಧಿ ಬಿಲ್ಲು ನನ್ನ ಮೇಜಿನ ಮೇಲೆ ಬಂತು. ಯಾರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗದ ಹಾಗೆ ಅಲ್ಲಿಇಲ್ಲಿ ಕಲಸಿಯೇ ಹೇಳುತ್ತೇನೆ.

ಈ ಕೌಂಟಿಯಲ್ಲಿ 1950ರಲ್ಲಿ 98,887 ಜನ ಇದ್ದರು. 2020ರ ಜನಗಣತಿಯಲ್ಲಿ 19,111. ಅದರಲ್ಲಿ ಜೈಲಿನ ಕೈದಿಗಳೂ ಸೇರಿದ್ದಾರೆ, ಯಾಕೆಂದರೆ ಅಲ್ಲಿ ಕೈದಿಗಳನ್ನು ಜೈಲಿರುವ ಊರಿನ ಲೆಕ್ಕಕ್ಕೇ ಹಾಕುತ್ತಾರೆ. ಐದು ಜನರಲ್ಲಿ ನಾಲ್ವರು ಹೋದ ಜಾಗದಲ್ಲಿ ಮನೆ ಅಗ್ಗವಾಗದೆ ಇನ್ನೇನಾಗುತ್ತೆ?

ಒಂದು ಕಾಲದಲ್ಲಿ ಅದು ಕಲ್ಲಿದ್ದಲಿನ ರಾಜಧಾನಿ. ರೈಲು ಬಂತು, ಗಣಿ ಬಂತು. ಇಟಲಿ, ಹಂಗೇರಿಯಿಂದ ಜನ ಬಂದರು. ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಕರಿಯ ಜನ ಬಂದರು. ಕಂಪನಿಯೇ ಮನೆ ಕಟ್ಟಿಸಿತು, ಕಂಪನಿಯೇ ಅಂಗಡಿ ಇಟ್ಟಿತು, ಕಂಪನಿಯೇ ನೀರಿನ ಪೈಪು ಹಾಕಿತು. ವೆಲ್ಚ್ ಅನ್ನೋದು ಕೌಂಟಿಯ ಮುಖ್ಯ ಊರು. ಅಲ್ಲಿ 1941ರಲ್ಲಿ ಪುರಸಭೆಯೇ ಬಹುಮಹಡಿ ಪಾರ್ಕಿಂಗ್ ಕಟ್ಟಡ ಕಟ್ಟಿತು. ದೇಶದಲ್ಲೇ ಪುರಸಭೆ ಕಟ್ಟಿದ ಮೊದಲನೆಯದು ಅಂತ ಊರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಕಾರು ನಿಲ್ಲಿಸಲು ಜಾಗ ಸಿಗದಷ್ಟು ಗಿಜಿಗಿಜಿ ಇತ್ತು ಅಂತ ಅದರ ಅರ್ಥ. ಆಮೇಲೆ ಯಂತ್ರ ಬಂತು, ಹತ್ತು ಜನರ ಕೆಲಸ ಒಬ್ಬನಿಗೆ ಸಾಕಾಯಿತು. ಗ್ಯಾರಿ ಎಂಬ ಊರನ್ನು ಕಟ್ಟಿದ್ದೇ ಯುಎಸ್ ಸ್ಟೀಲ್ ಕಂಪನಿ. 1980ರ ದಶಕದಲ್ಲಿ ಅದೂ ಬಾಗಿಲು ಹಾಕಿಕೊಂಡು ಹೋಯಿತು.

ಕಂಪನಿ ಹೋದ ಮೇಲೂ ಮನೆ ಉಳಿಯಿತು. ಎಷ್ಟೋ ಗಣಿ ಕೆಲಸಗಾರರು ತಾವು ಬಾಡಿಗೆಗಿದ್ದ ಮನೆಯನ್ನೇ ಕಂಪನಿಯಿಂದ ಕೊಂಡಿದ್ದರು. ಅದಕ್ಕೇ ಇವತ್ತಿಗೂ ಅಲ್ಲಿ ಹತ್ತು ಮನೆಗಳಲ್ಲಿ ಹೆಚ್ಚುಕಮ್ಮಿ ಎಂಟು ಸ್ವಂತದ್ದು. ದೇಶದ ಸರಾಸರಿ ಆರೂವರೆ. ಕಾಗದದ ಮೇಲೆ ನೋಡಿದರೆ ಬಡತನದಲ್ಲಿ ಮೊದಲ ಸಾಲಿನ ಕೌಂಟಿ, ಸ್ವಂತ ಮನೆಯಲ್ಲೂ ಮೊದಲ ಸಾಲು. ಆದರೆ ಆ ಮನೆಯನ್ನು ಮಾರಲು ಹೋದರೆ ಕೊಳ್ಳುವವರಿಲ್ಲ. ಅಡ ಇಡಲು ಹೋದರೆ ಬ್ಯಾಂಕಿಗೆ ಇಷ್ಟು ಸಣ್ಣ ಸಾಲ ಕೊಡುವುದೇ ನಷ್ಟ. ಹಾಗಾಗಿ ಮನೆ ಕೈ ಬದಲಾಗುವುದು ನಗದಿನಲ್ಲಿ, ಅಥವಾ ತಿಂಗಳು ತಿಂಗಳು ಹಿಂದಿನ ಯಜಮಾನನಿಗೇ ಕಂತು ಕಟ್ಟುವ ಕೈಬರಹದ ಒಪ್ಪಂದದಲ್ಲಿ. ನನ್ನ ಮೇಜಿಗೆ ಬಂದ ಒಬ್ಬ ಹುಡುಗನ ಹತ್ತಿರ ಅಂಥ ಒಂದು ಕಾಗದ ಇತ್ತು. ನೋಟ್‌ಬುಕ್ಕಿನ ಹಾಳೆ. ಸಹಿ ಇತ್ತು, ಸಾಕ್ಷಿ ಇರಲಿಲ್ಲ. ನನ್ನ ಅಜ್ಜಿ ಊರಲ್ಲಿ ಇಂಥ ಚೀಟಿಗಳನ್ನು ಟ್ರಂಕಿನಲ್ಲಿ ಇಡುತ್ತಿದ್ದದ್ದು ನೆನಪಾಯಿತು.

ಇನ್ನೊಂದು ವಿಚಿತ್ರ. ಖಾಲಿ ಮನೆ ಬೇಕಾದಷ್ಟಿವೆ, ಬಾಡಿಗೆಗೆ ಮನೆ ಇಲ್ಲ. ಸೂರು ಬಿದ್ದದ್ದು, ಪ್ರವಾಹದಲ್ಲಿ ನೆಂದದ್ದು, ವಾರಸುದಾರರು ಓಹಾಯೋದಲ್ಲೋ ಫ್ಲಾರಿಡಾದಲ್ಲೋ ಇರುವಂಥದ್ದು. ಹೊಸದು ಕಟ್ಟೋಣ ಅಂದರೆ ಸಮತಟ್ಟು ಜಾಗ ಹಳ್ಳದ ದಂಡೆಯಲ್ಲಿ ಮಾತ್ರ. ಬೆಟ್ಟದ ಬಹುಪಾಲು ಹೊರಗಿನ ಭೂಮಿ ಕಂಪನಿಗಳದ್ದು. ಶಾಲೆಗೆ ಮೇಷ್ಟ್ರು ಸಿಗದೆ ಇರಲು ಇದೂ ಒಂದು ಕಾರಣ. ಪಾಠ ಮಾಡಲು ಬಂದವರು ಇರುವುದೆಲ್ಲಿ? 2011ರಲ್ಲಿ ಅಮೆರಿಕನ್ ಫೆಡರೇಷನ್ ಆಫ್ ಟೀಚರ್ಸ್ ಎಂಬ ಶಿಕ್ಷಕರ ಸಂಘ ಅಲ್ಲಿ ಒಂದು ದೊಡ್ಡ ಯೋಜನೆ ಶುರು ಮಾಡಿತು. ಶಾಲೆ ಸುಧಾರಿಸಲು ಬಂದವರು ಕೊನೆಗೆ ಶಿಕ್ಷಕರಿಗಾಗಿ ವೆಲ್ಚ್ ಪೇಟೆಯ ನಡುವೆ ಅಪಾರ್ಟ್‌ಮೆಂಟ್ ಕಟ್ಟಡ ಕಟ್ಟಿಸಬೇಕಾಯಿತು. ರೆನೈಸಾನ್ಸ್ ವಿಲೇಜ್ ಅಂತ ಅದರ ಹೆಸರು. ಶಿಕ್ಷಕರ ಸಂಘ ಕಟ್ಟಡ ಕಟ್ಟುವ ಮಟ್ಟಕ್ಕೆ ಹೋಯಿತು ಅಂದರೆ ಬಾಡಿಗೆ ಮನೆಯ ಗತಿ ಏನು ಅಂತ ಯೋಚಿಸಿ. ನಾವು ಬ್ಲೂಫೀಲ್ಡ್‌ನಲ್ಲಿ ಮನೆ ಮಾಡಿದ್ದು ಯಾಕೆ ಅಂತಲೂ ಈಗ ಗೊತ್ತಾಯಿತಲ್ಲ.

ಈಗ ದಾರಿಯ ವಿಷಯ. ನಾನು ಬಂದಿದ್ದೇ ಇದನ್ನು ಹೇಳಲು.

ಬ್ಲೂಫೀಲ್ಡ್‌ನಿಂದ ವೆಲ್ಚ್‌ಗೆ ಸುಮಾರು 33 ಮೈಲಿ. ಇಲ್ಲಿಂದ ಮಂಡ್ಯಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ರಸ್ತೆ ಬೆಟ್ಟ ಸುತ್ತುತ್ತದೆ, ಹೆದ್ದಾರಿ 52 ಅಂತ ಹೆಸರು ಮಾತ್ರ ದೊಡ್ಡದು. ಒಂದು ಗಂಟೆ ಹಿಡಿಯುತ್ತದೆ. ಕೌಂಟಿಯಲ್ಲಿ ಕೆಲಸ ಕಡಿಮೆ. ಹಾಗಾಗಿ ಎಷ್ಟೋ ಜನ ಬೆಳಿಗ್ಗೆ ಈ ದಾರಿಯಲ್ಲಿ ಹೊರಗೆ ಹೋಗಿ ಸಂಜೆ ವಾಪಸ್ ಬರುತ್ತಾರೆ. ಹೋಗಿಬರಲು 66 ಮೈಲಿ. ವರ್ಷಕ್ಕೆ 250 ದಿನ ಅಂದರೆ 16,500 ಮೈಲಿ. ಕೆಲಸಕ್ಕಾಗಿ ಸ್ವಂತ ಗಾಡಿ ಓಡಿಸಿದರೆ ಒಂದು ಮೈಲಿಗೆ ಇಷ್ಟು ಖರ್ಚು ಅಂತ ಅಮೆರಿಕದ ತೆರಿಗೆ ಇಲಾಖೆ ಪ್ರತಿ ವರ್ಷ ಒಂದು ದರ ಹೇಳುತ್ತದೆ. ಪೆಟ್ರೋಲು, ಟೈರು, ವಿಮೆ, ಸವಕಳಿ ಎಲ್ಲ ಸೇರಿ. 2025ಕ್ಕೆ ಅದು 70 ಸೆಂಟ್. ಗುಣಿಸಿ. ವರ್ಷಕ್ಕೆ 11,550 ಡಾಲರ್.

ಇದು ಹೊಸ ಕಾರಿನ ಲೆಕ್ಕ, ಹಳ್ಳಿಯವರು ಓಡಿಸುವುದು ಹಳೇ ಡಬ್ಬ ಅಂತ ನೀವು ಹೇಳಬಹುದು. ಸರಿ, ಅರ್ಧ ಹಿಡಿಯೋಣ. 5,775. ತಿಂಗಳಿಗೆ 480 ಡಾಲರ್. ಆ 40 ಸಾವಿರದ ಮನೆಗೆ ಒಂದು ವೇಳೆ ಬ್ಯಾಂಕು ಪೂರ್ತಿ ಸಾಲ ಕೊಟ್ಟಿದ್ದರೆ, ಶೇಕಡಾ 7ರ ಬಡ್ಡಿಯಲ್ಲಿ 30 ವರ್ಷಕ್ಕೆ, ಕಂತು ತಿಂಗಳಿಗೆ 266 ಡಾಲರ್. ಅಂದರೆ ಮನೆಗಿಂತ ಮನೆಯಿಂದ ಹೊರಗೆ ಹೋಗುವುದೇ ದುಬಾರಿ. ಇನ್ನು ಸಂಬಳ. ವೆಸ್ಟ್ ವರ್ಜೀನಿಯಾದ ಕನಿಷ್ಠ ಕೂಲಿ ಗಂಟೆಗೆ 8.75 ಡಾಲರ್, 2016ರಿಂದ ಅಲ್ಲೇ ನಿಂತಿದೆ. ವರ್ಷವಿಡೀ ಒಂದು ದಿನವೂ ತಪ್ಪದೆ ದುಡಿದರೆ 18,200. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ದಾರಿಗೆ ಹೋಯಿತು. ನಾನು ಇದನ್ನು ದಾರಿ ಬಾಡಿಗೆ ಅಂತ ಕರೆಯುತ್ತೇನೆ. ಮನೆ ಬಾಡಿಗೆ ತಪ್ಪಿಸಿಕೊಂಡವರೂ ದಾರಿಗೆ ಬಾಡಿಗೆ ಕಟ್ಟಲೇಬೇಕು.

ಈ ಬಾಡಿಗೆ ಯಾವಾಗ ಏರುತ್ತೆ ಅಂತ ಹೇಳೋಕಾಗಲ್ಲ. ಒಂದು ನವೆಂಬರ್ ಸಂಜೆ ನಮ್ಮ ಕಾರಿಗೆ ಜಿಂಕೆ ಅಡ್ಡ ಬಂತು. ನಮಗೇನೂ ಆಗಲಿಲ್ಲ, ಬಾನೆಟ್ ಅಪ್ಪಚ್ಚಿಯಾಗಿ ಹೋಯಿತು. ಗ್ಯಾರೇಜಿನವನು ನಕ್ಕ. "ಇದು ಈ ವಾರದ ನಾಲ್ಕನೆಯದು" ಅಂದ. ಜಿಂಕೆಗೆ ಗುದ್ದುವ ಸಾಧ್ಯತೆ ಯಾವ ರಾಜ್ಯದಲ್ಲಿ ಜಾಸ್ತಿ ಅಂತ ಒಂದು ವಿಮಾ ಕಂಪನಿ ಪಟ್ಟಿ ಹಾಕುತ್ತದೆ. ವೆಸ್ಟ್ ವರ್ಜೀನಿಯಾ ವರ್ಷ ವರ್ಷವೂ ಮೊದಲು. ನಮಗೆ ವಿಮೆ ಇತ್ತು, ರಿಪೇರಿ ಆಗುವವರೆಗೆ ಇನ್ನೊಂದು ಕಾರು ಸಿಕ್ಕಿತು. ಅದೇ ಜಿಂಕೆ ಕನಿಷ್ಠ ಕೂಲಿಯವನ ಕಾರಿಗೆ ಬಂದಿದ್ದರೆ ಅವನ ಕೆಲಸವೇ ಹೋಗುತ್ತಿತ್ತು. ಬಸ್ಸು ಅಂತ ಒಂದು ಇದೆ, ಆದರೆ ನಮ್ಮ ಕೆಎಸ್‌ಆರ್‌ಟಿಸಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ದಿನಸಿಗೂ ಇದೇ ಕತೆ. ಕಿಂಬಲ್ ಎಂಬ ಊರಲ್ಲಿ 2005ರಲ್ಲಿ ವಾಲ್‌ಮಾರ್ಟ್ ತೆರೆದಿತ್ತು. 2016ರ ಜನವರಿಯಲ್ಲಿ ಮುಚ್ಚಿತು. ನಾವು ಹೋಗುವಷ್ಟರಲ್ಲಿ ಖಾಲಿ ಕಟ್ಟಡ ನಿಂತಿತ್ತು. ದೊಡ್ಡ ಅಂಗಡಿ ಬಂದು ಸಣ್ಣ ಅಂಗಡಿಯನ್ನು ನುಂಗುತ್ತೆ ಅಂತ ನಾವೆಲ್ಲ ಕೇಳಿದ್ದೇವೆ. ನುಂಗಿದ ಮೇಲೆ ಅದೂ ಎದ್ದು ಹೋದರೆ ಏನಾಗುತ್ತೆ ಅನ್ನೋದನ್ನು ಅಲ್ಲಿ ನೋಡಿದೆ. ಕೆಲಸ ಹೋಯಿತು. ಪುರಸಭೆಗೆ ಬರುತ್ತಿದ್ದ ತೆರಿಗೆ ಹೋಯಿತು. ಅಲ್ಲಿ ಮಿಕ್ಕ ಆಹಾರದಿಂದ ನಡೆಯುತ್ತಿದ್ದ ಪುಕ್ಕಟೆ ದಿನಸಿ ಕೇಂದ್ರಕ್ಕೆ ಸಾಮಾನು ನಿಂತಿತು. ಬೆಳಗಿನ ಹೊತ್ತು ಒಳಗೆ ಸುಮ್ಮನೆ ವಾಕಿಂಗ್ ಮಾಡಲು ಬರುತ್ತಿದ್ದ ವಯಸ್ಸಾದವರಿಗೆ ಜಾಗ ಹೋಯಿತು. ಉಳಿದದ್ದು ಡಾಲರ್ ಅಂಗಡಿಗಳು. ಡಬ್ಬಿಯ ಬೀನ್ಸ್ ಇರುತ್ತೆ, ಚಿಪ್ಸ್ ಇರುತ್ತೆ. ಸಣ್ಣ ಪೊಟ್ಟಣ, ನೋಡಲು ಅಗ್ಗ, ತೂಕ ಹಾಕಿದರೆ ಜಾಸ್ತಿ. ತಾಜಾ ತರಕಾರಿ ಬೇಕಾದರೆ ಮತ್ತೆ ಅದೇ ಬೆಟ್ಟದ ದಾರಿ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಆ ರಾಜ್ಯ 2013ರಲ್ಲಿ ದಿನಸಿ ಮೇಲಿನ ಮಾರಾಟ ತೆರಿಗೆ ಪೂರ್ತಿ ತೆಗೆದುಹಾಕಿತು. ಒಳ್ಳೆ ಕೆಲಸ.

ನಮ್ಮ ಸಂಕಟ ಬೇರೆ ಬಿಡಿ. ಸೋನಾ ಮಸೂರಿ, ಹುಣಸೆಹಣ್ಣು, ಎಂಟಿಆರ್ ಪೊಟ್ಟಣ ಬೇಕಾದರೆ ಬೆಟ್ಟದೊಳಗಿನ ಟನಲ್ ದಾಟಿ ಎರಡೂವರೆ ಗಂಟೆ ದೂರದ ಶಾರ್ಲೆಟ್ ಎಂಬ ದೊಡ್ಡ ನಗರಕ್ಕೆ ಹೋಗುತ್ತಿದ್ದೆವು. ತಿಂಗಳಿಗೊಮ್ಮೆ, ಐಸ್ ಪೆಟ್ಟಿಗೆ ಸಮೇತ. ಕರಿಬೇವು ತಂದು ಫ್ರೀಜರಿನಲ್ಲಿಟ್ಟರೆ ಅದು ಬಂಗಾರ.

ದಿನಸಿ ಅಂದಾಗ ಒಂದು ಚರಿತ್ರೆ ಹೇಳಲೇಬೇಕು. 1960ರಲ್ಲಿ ಜಾನ್ ಕೆನೆಡಿ ಚುನಾವಣೆ ಪ್ರಚಾರಕ್ಕೆ ಈ ಬೆಟ್ಟಗಳಿಗೆ ಬಂದಿದ್ದರು. ಆಗ ನೋಡಿದ ಹಸಿವು ಅವರ ಮನಸ್ಸಿನಲ್ಲಿ ಉಳಿಯಿತು ಅನ್ನುತ್ತಾರೆ. ಅಧ್ಯಕ್ಷರಾದ ಮೇಲೆ, ಬಡವರಿಗೆ ದಿನಸಿ ಕೊಳ್ಳಲು ಕೂಪನ್ ಕೊಡುವ ಫುಡ್ ಸ್ಟ್ಯಾಂಪ್ ಯೋಜನೆಯನ್ನು ಪ್ರಯೋಗವಾಗಿ ಶುರು ಮಾಡಿದರು. 1961ರ ಮೇ 29ರಂದು ಅದರ ಮೊದಲ ಕೂಪನ್ ಪಡೆದದ್ದು ಇದೇ ಕೌಂಟಿಯ ಪೇನ್ಸ್‌ವಿಲ್‌ನ ಮನ್ಸಿ ದಂಪತಿ, ವೆಲ್ಚ್ ಪೇಟೆಯಲ್ಲಿ. 15 ಜನರ ಕುಟುಂಬ, 95 ಡಾಲರಿನ ಕೂಪನ್. ಇವತ್ತು ಅಮೆರಿಕದಲ್ಲಿ ನಾಲ್ಕು ಕೋಟಿ ಜನ ಪಡೆಯುವ ನೆರವು ಶುರುವಾದದ್ದು ಇಲ್ಲಿ. ಅರವತ್ತು ವರ್ಷ ದಾಟಿದರೂ ಈ ಕೌಂಟಿಗೆ ಅದು ಬೇಕೇ ಬೇಕು. ಮೂವರಲ್ಲಿ ಹೆಚ್ಚುಕಮ್ಮಿ ಒಬ್ಬರು ಬಡತನದ ರೇಖೆಯ ಕೆಳಗಿದ್ದಾರೆ. ನಾನು ತುಂಬಿದ ಫಾರಂಗಳಲ್ಲಿ ಸಂಬಳದ ಕಾಲಂ ಖಾಲಿ, ಪಿಂಚಣಿ ಮತ್ತು ಅಂಗವಿಕಲ ಭತ್ಯೆಯ ಕಾಲಂ ಭರ್ತಿ. ಅಜ್ಜನ ಪಿಂಚಣಿಯಲ್ಲಿ ಮೊಮ್ಮಕ್ಕಳು ಬೆಳೆಯುವ ಮನೆ ಎಷ್ಟೋ ಇದ್ದವು. ಮಕ್ಕಳ ಅಪ್ಪ ಅಮ್ಮ ಎಲ್ಲಿ ಅಂತ ಮೊದಮೊದಲು ಕೇಳುತ್ತಿದ್ದೆ. ನೋವಿನ ಮಾತ್ರೆಯ ಚಟ ಆ ಬೆಟ್ಟಗಳಲ್ಲಿ ಏನು ಮಾಡಿದೆ ಅಂತ ತಿಳಿದ ಮೇಲೆ ಕೇಳುವುದನ್ನು ಬಿಟ್ಟೆ.

ನೀರು. ಅಮೆರಿಕದಲ್ಲಿ ನಲ್ಲಿ ನೀರು ಕುಡಿಯಬಹುದು ಅಂತ ನಾವು ಹೇಳಿಕೊಂಡು ತಿರುಗುತ್ತೇವೆ, ಅಲ್ವಾ? ಕಂಪನಿ ಹಾಕಿದ ಪೈಪು ಹಳತಾಯಿತು, ನೋಡಿಕೊಳ್ಳುವ ಕಂಪನಿ ಇಲ್ಲ. ಕೆಲವು ಊರುಗಳಲ್ಲಿ "ಕುದಿಸಿ ಕುಡಿಯಿರಿ" ಎಂಬ ಎಚ್ಚರಿಕೆ ವರ್ಷಗಟ್ಟಲೆ ಇತ್ತು. ಜನ ರಸ್ತೆ ಬದಿಯ ಬೆಟ್ಟದ ಒರತೆಯಲ್ಲಿ ಕ್ಯಾನು ಹಿಡಿದು ಸಾಲು ನಿಲ್ಲುವುದನ್ನು ನೋಡಿ ನನಗೆ ಊರಿಗೆ ಬಂದ ಹಾಗಾಯಿತು. ಚರಂಡಿ ವ್ಯವಸ್ಥೆ ಇಲ್ಲದ ಕಡೆ ಮನೆಯ ಕೊಳೆ ನೀರು ನೇರ ಹಳ್ಳಕ್ಕೆ. ಹಳ್ಳ ಉಕ್ಕಿದರೆ ಮನೆಗೆ ವಾಪಸ್. 2001ರಲ್ಲಿ, 2002ರಲ್ಲಿ ದೊಡ್ಡ ಪ್ರವಾಹ ಬಂತು. 2025ರ ಫೆಬ್ರವರಿಯಲ್ಲಿ ಮತ್ತೆ ಬಂತು, ಜೀವಗಳೂ ಹೋದವು. ಬಾಟಲಿ ನೀರಿನ ಖರ್ಚು, ಬೂಷ್ಟು ಹಿಡಿದ ಗೋಡೆಯ ಖರ್ಚು ಯಾವ ವೆಬ್‌ಸೈಟಿನ "ಜೀವನ ವೆಚ್ಚ" ಪಟ್ಟಿಯಲ್ಲೂ ನಾನು ಕಂಡಿಲ್ಲ.

ಕರೆಂಟಿನದು ಇನ್ನೂ ಕ್ರೂರ ತಮಾಷೆ. ಆ ರಾಜ್ಯದ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದ್ದು. ಕಲ್ಲಿದ್ದಲು ಅಗೆದು ಕೊಟ್ಟವರ ಮನೆಯಲ್ಲಿ ಜನವರಿಯ ಬಿಲ್ಲು ನೋಡಿದರೆ ಚಳಿ ಬಿಟ್ಟು ಹೋಗುತ್ತೆ. ಹಳೆಯ ಮರದ ಮನೆ, ಇಲ್ಲವೇ ತಗಡಿನ ಮೊಬೈಲ್ ಹೋಮ್, ಅಂದರೆ ಎಳೆದು ತಂದು ನಿಲ್ಲಿಸುವ ರೆಡಿಮೇಡ್ ಮನೆ. ಶಾಖ ನಿಲ್ಲುವುದಿಲ್ಲ. ಅಗ್ಗದ ಮನೆಯೇ ಬಿಲ್ಲು ಏರಿಸುತ್ತದೆ.

ಹಾಗಾದರೆ "ಇಲ್ಲಿ ಬದುಕು ಅಗ್ಗ" ಎಂಬ ಅಂಕಿ ಎಲ್ಲಿಂದ ಬರುತ್ತೆ? ಇದು ನನ್ನ ಕಸುಬಿನ ಸಿಟ್ಟು, ಸ್ವಲ್ಪ ಸಹಿಸಿಕೊಳ್ಳಿ. ಅಮೆರಿಕದಲ್ಲಿ ಊರೂರಿನ ಬೆಲೆ ಹೋಲಿಸುವ ಹೆಸರಾಂತ ಸೂಚ್ಯಂಕವೊಂದು ನಗರಗಳಿಗಾಗಿ ಮಾಡಿದ್ದು. ಅದೂ ಒಳ್ಳೆ ಸಂಬಳದ ವೃತ್ತಿಪರರ ಮನೆ ಖರ್ಚನ್ನು ಮನಸ್ಸಿನಲ್ಲಿಟ್ಟುಕೊಂಡು. ಸರ್ಕಾರದ್ದೂ ಒಂದು ಬೆಲೆ ಸೂಚ್ಯಂಕ ಇದೆ. ಅದರಲ್ಲಿ ದೊಡ್ಡ ಊರುಗಳಿಗೆ ಬೇರೆ ಬೇರೆ ಅಂಕಿ, ರಾಜ್ಯದ ಮಿಕ್ಕ ಹಳ್ಳಿಗಾಡಿಗೆಲ್ಲ ಸೇರಿ ಒಂದೇ ಅಂಕಿ. ಮ್ಯಾಕ್‌ಡೊವೆಲ್‌ನ ಅಕ್ಕಿ ಬೇಳೆಯ ಬೆಲೆಯನ್ನು ಅಂಗಡಿಗೆ ಹೋಗಿ ಬರೆದುಕೊಂಡವರನ್ನು ನಾನು ನೋಡಲಿಲ್ಲ. ಹೀಗಾಗಿ ಕೊನೆಗೆ ಮನೆಯ ಬೆಲೆಯೇ ಅಂಕಿಯನ್ನು ಕೆಳಕ್ಕೆ ಎಳೆಯುತ್ತದೆ. ಜನ ಬಿಟ್ಟು ಹೋದಷ್ಟೂ ಊರು "ಅಗ್ಗ" ಆಗುತ್ತಾ ಹೋಗುತ್ತದೆ.

ಅದೇ ದೇಶದಲ್ಲಿ ಆರೇಳು ಗಂಟೆ ದಾರಿಯಲ್ಲಿ, ವಾಷಿಂಗ್ಟನ್ ಪಕ್ಕದಲ್ಲಿ, ಫೇರ್‌ಫ್ಯಾಕ್ಸ್ ಕೌಂಟಿ ಇದೆ. ನಮ್ಮ ಕನ್ನಡದವರು ಬೇಕಾದಷ್ಟಿದ್ದಾರೆ. ಮನೆಯ ಬೆಲೆ ಕೇಳಿದರೆ ಕಣ್ಣು ಕತ್ತಲೆ ಬರುತ್ತೆ. 2010ರ ಆಸುಪಾಸಿನ ಲೆಕ್ಕದಲ್ಲಿ ಅಲ್ಲಿನ ಗಂಡಸರ ಸರಾಸರಿ ಆಯಸ್ಸು 82 ವರ್ಷ. ಮ್ಯಾಕ್‌ಡೊವೆಲ್‌ನಲ್ಲಿ 64. ನನ್ನ ಲೆಡ್ಜರಿನಲ್ಲಿ ಆ 18 ವರ್ಷವನ್ನು ಯಾವ ಕಾಲಂಗೆ ಹಾಕಲಿ?

ಇನ್ನು ಪ್ರಶ್ನೆಗಳು.

ಒಬ್ಬ ಹುಡುಗ ಕೇಳಿದ: "ಮೇಡಂ, ನನ್ನ ಕೆಲಸ ಪೂರ್ತಿ ಆನ್‌ಲೈನ್. ಸಂಬಳ ನಗರದ್ದು, ಮನೆ ಅಲ್ಲಿಯದು. ಆಗ ಲಾಭ ಅಲ್ವಾ?"

ಲಾಭವೇ. ಅದೇ ರಾಜ್ಯ 2021ರಲ್ಲಿ ಅಸೆಂಡ್ ವೆಸ್ಟ್ ವರ್ಜೀನಿಯಾ ಅಂತ ಒಂದು ಯೋಜನೆ ತಂದಿತು. ದೂರದಿಂದ ಕೆಲಸ ಮಾಡುವವರು ಬಂದು ನೆಲೆಸಿದರೆ 12 ಸಾವಿರ ಡಾಲರ್ ಕೊಡುತ್ತೇವೆ ಅಂತ. ಆದರೆ ಅವರು ಮೊದಲು ಆರಿಸಿಕೊಂಡ ಊರುಗಳನ್ನು ನೋಡಿ: ಯೂನಿವರ್ಸಿಟಿ ಇರುವ ಮಾರ್ಗನ್‌ಟೌನ್, ಪ್ರವಾಸಿಗರು ಬರುವ ಲೂಯಿಸ್‌ಬರ್ಗ್, ವಾಷಿಂಗ್ಟನ್ ಕಡೆಗಿರುವ ಶೆಪರ್ಡ್ಸ್‌ಟೌನ್. ಮ್ಯಾಕ್‌ಡೊವೆಲ್ ಆ ಪಟ್ಟಿಯಲ್ಲಿ ಇರಲಿಲ್ಲ. ಕಣಿವೆಯ ತಿರುವಿನಲ್ಲಿ ಫೋನಿಗೇ ಸಿಗ್ನಲ್ ಸಿಗದಿದ್ದಾಗ ನಿನ್ನ ವಿಡಿಯೋ ಕಾಲ್ ಗತಿ ಏನಪ್ಪಾ? ಬಡವರ ಇಂಟರ್ನೆಟ್ ಬಿಲ್ಲಿಗೆ ಕೇಂದ್ರ ಸರ್ಕಾರ ತಿಂಗಳಿಗೆ 30 ಡಾಲರ್ ಕೊಡುತ್ತಿತ್ತು, ಅದೂ 2024ರಲ್ಲಿ ನಿಂತಿತು. ಹಣ ಬರುತ್ತಿರುವುದು ಬೇರೆ ದಾರಿಯಲ್ಲಿ. ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್ಸ್ ಅಂತ, ಹಳೆಯ ಗಣಿ ರಸ್ತೆಗಳಲ್ಲಿ ನಾಲ್ಕು ಚಕ್ರದ ಬೈಕು ಓಡಿಸುವ ಮೋಜು. ವಾರಾಂತ್ಯಕ್ಕೆ ಹೊರಗಿನ ಜನ ಬರುತ್ತಾರೆ, ಮೈತುಂಬ ಕೆಸರು ಮೆತ್ತಿಕೊಂಡು ಊಟಕ್ಕೆ ಕೂರುತ್ತಾರೆ. ಗಣಿ ಕೆಲಸಗಾರರ ಹಳೇ ಮನೆಗಳು ಅವರಿಗೆ ಲಾಡ್ಜ್ ಆಗುತ್ತಿವೆ. ಊರಿಗೆ ನಾಲ್ಕು ಕಾಸು ಬರುತ್ತೆ, ಒಳ್ಳೆಯದೇ. ಆದರೆ ದುರಸ್ತಿಯಾದ ಆ ಮನೆ ಮೇಷ್ಟ್ರಿಗೆ ಬಾಡಿಗೆಗೆ ಸಿಗುವುದಿಲ್ಲ.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು: "ಇಷ್ಟೆಲ್ಲಾ ಕಷ್ಟ ಇದ್ದರೆ ಜನ ಅಲ್ಲಿ ಯಾಕೆ ಇದ್ದಾರಮ್ಮ?"

ಇದೇ ಪ್ರಶ್ನೆಯನ್ನು ನಾನು ಅಲ್ಲಿ ಒಬ್ಬ ಹೆಂಗಸಿಗೆ ಕೇಳಿದ್ದೆ. ಕೇಳಬಾರದಿತ್ತು. ಅವರು ಬೈಯಲಿಲ್ಲ, ಲೆಕ್ಕ ಹೇಳಿದರು. ಮನೆ ಮೇಲೆ ಸಾಲ ಇಲ್ಲ. ಶಾರ್ಲೆಟ್‌ಗೆ ಹೋದರೆ ಮೊದಲ ತಿಂಗಳ ಬಾಡಿಗೆ, ಅಡ್ವಾನ್ಸು ಎಲ್ಲಿಂದ ತರಲಿ? ಇಲ್ಲಿ ಮಗು ಬಿಟ್ಟು ಹೋಗಲು ತಂಗಿ ಇದ್ದಾಳೆ, ಅಲ್ಲಿ ಅದಕ್ಕೂ ದುಡ್ಡು. ಕಾರು ಕೆಟ್ಟರೆ ಚರ್ಚಿನವರು ಯಾರಾದರೂ ಕರೆದೊಯ್ಯುತ್ತಾರೆ. ಇದೆಲ್ಲ ಹೇಳಿ, ಕೊನೆಗೆ "ಅಪ್ಪ ಅಮ್ಮ ಆ ಗುಡ್ಡದ ಮೇಲೆ ಇದ್ದಾರೆ" ಅಂದರು. ನಾನು ಮನೆ ಹುಡುಕುತ್ತಾ ಗುಡ್ಡದ ಕಡೆ ನೋಡಿದೆ. ಅಲ್ಲಿದ್ದದ್ದು ಮನೆತನದ ಸ್ಮಶಾನ. ಮುಂದಿನ ಏಪ್ರಿಲ್‌ನಲ್ಲಿ ಅವರೇ ಒಂದು ಚೀಲ ರ‍್ಯಾಂಪ್ಸ್ ತಂದುಕೊಟ್ಟರು. ಕಾಡಿನಲ್ಲಿ ಬೆಳೆಯುವ ಬೆಳ್ಳುಳ್ಳಿ ಜಾತಿಯ ಸೊಪ್ಪು, ಅಲ್ಲಿ ಅದಕ್ಕೆ ಹಬ್ಬವೇ ಮಾಡುತ್ತಾರೆ. ನಾನು ಬೇಳೆ ಹಾಕಿ ಹುಳಿ ಮಾಡಿದೆ. ಮನೆಯೆಲ್ಲ ಎರಡು ದಿನ ಘಮ್ಮೋ ಗಬ್ಬೋ ಹೇಳಲಾರೆ.

ಕೊನೆಯ ಪ್ರಶ್ನೆ ಒಬ್ಬ ಹೆಣ್ಣುಮಗಳದ್ದು: "ನೀವು ಅಲ್ಲೇ ಯಾಕೆ ಇರಲಿಲ್ಲ?"

ನಮ್ಮ ಮನೆಯವರು ಕೆಲಸಕ್ಕೆ ಸೇರಿದ ಮೊದಲ ದಿನ, ಮೊದಲ ರೋಗಿ, ಎಪ್ಪತ್ತು ದಾಟಿದ ಗಣಿ ಕೆಲಸಗಾರ. ಉಸಿರಾಡಲು ಕಷ್ಟಪಡುತ್ತಿದ್ದರು. ತಮ್ಮ ಕಾಯಿಲೆ ಹೇಳುವ ಮೊದಲು ಅವರು ಕೇಳಿದ್ದು, "ಡಾಕ್, ನೀವೆಷ್ಟು ದಿನ ಇರುತ್ತೀರಿ?" ಅಂತ. ಆಮೇಲೆ ಗೊತ್ತಾಯಿತು, ಹೊಸ ಡಾಕ್ಟರು ಬಂದಾಗೆಲ್ಲ ಅಲ್ಲಿನವರು ಕೇಳುವುದೇ ಇದು. ನಮ್ಮ ಮನೆಯವರು "ನೋಡೋಣ" ಅಂದಿದ್ದರಂತೆ.

ಮೂರು ವರ್ಷ ಮುಗಿಯಿತು. ವಿನಾಯಿತಿಯ ಷರತ್ತು ಪೂರೈಸಿತು. ಮಗಳನ್ನು ಶಾಲೆಗೆ ಸೇರಿಸಬೇಕಿತ್ತು, ನನಗೆ ಕೆಲಸ ಬೇಕಿತ್ತು. ಟ್ರಕ್ಕಿಗೆ ಸಾಮಾನು ತುಂಬಿ, ಅಕ್ಕಿ ತರಲು ದಾಟುತ್ತಿದ್ದ ಅದೇ ಟನಲ್ ದಾಟಿ ಶಾರ್ಲೆಟ್‌ಗೆ ಹೋದೆವು. ಅವರ ಜಾಗಕ್ಕೆ ಬೇರೆ ಡಾಕ್ಟರು ಬರಲು ಹನ್ನೊಂದು ತಿಂಗಳು ಹಿಡಿಯಿತಂತೆ.